ಮೆಲ್ಲಗಣ್ಣ ಗಾಡಿ ಬೀಳಿಸಿದ್ದು

ಮೆಲ್ಲಗಣ್ಣನ ಗಾಡಿಗೆ ಡ್ಯೂಟಿ ಬಿದ್ದ ದಿನ ಗಾರ್ಡ್ ಮನೆಯಲ್ಲಿ ಗಡ್ಡ ಮಾಡಿಕೊಳ್ಳುತ್ತಿರಲಿಲ್ಲ. ಕನ್ನಡಿ, ಸೋಪು, ಬ್ರಶ್ಶು, ಅಪ್ಪನ ಕಾಲದ ಮಡಚುವ ಕತ್ತಿ ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಬರುತ್ತಿದ್ದ. ಗೂಡ್ಸ್ ಗಾಡಿ ಹೊರಟು ವೇಗ ಹಿಡಿದ ಮೇಲೆ, ಕೊನೆಯ ಡಬ್ಬಿಯಲ್ಲಿ ಕಾಲು ಚಾಚಿ ಕೂತು, ಗದ್ದ ಮೇಲೆತ್ತಿ, ಗಂಟಲಿನ ಉಬ್ಬಿನ ಮೇಲೆ ಕತ್ತಿ ಆಡಿಸುತ್ತಿದ್ದ. ಬೇರೆ ಯಾವ ಡ್ರೈವರನ ಗಾಡಿಯಲ್ಲಾದರೂ ಹೀಗೆ ಮಾಡಿದ್ದರೆ ಅವನ ಕಥೆ ಅವತ್ತೇ ಮುಗಿದಿರುತ್ತಿತ್ತು.

ಯಾಕೆಂದರೆ ಗೂಡ್ಸ್ ಗಾಡಿ ಅನ್ನುವುದು ಒಂದು ಗಾಡಿಯಲ್ಲ. ಒಬ್ಬರ ಹಿಂದೆ ಒಬ್ಬರು ನಿಂತ ದೊಡ್ಡ ಕುಟುಂಬ. ವ್ಯಾಗನ್ನಿಗೂ ವ್ಯಾಗನ್ನಿಗೂ ನಡುವಿನ ಕೊಂಡಿಯಲ್ಲಿ ಒಂದಿಷ್ಟು ಸಡಿಲ ಇರುತ್ತದೆ. ಮುಂದಿರುವ ಎಂಜಿನ್ ತಟ್ಟನೆ ನಿಂತರೆ ಹಿಂದಿನವರಿಗೆ ಆ ಸುದ್ದಿ ತಡವಾಗಿ ತಲುಪುತ್ತದೆ. ಮೊದಲನೆಯದಕ್ಕೆ ಎರಡನೆಯದು ಗುದ್ದುತ್ತದೆ, ಎರಡನೆಯದಕ್ಕೆ ಮೂರನೆಯದು, ಹೀಗೆ ಗುದ್ದುತ್ತಾ ಗುದ್ದುತ್ತಾ ಬಾಲ ಮುಟ್ಟುವ ಹೊತ್ತಿಗೆ ಸಣ್ಣ ತಳ್ಳು ಆನೆಯ ಒದೆತವಾಗಿರುತ್ತದೆ. ಮೆಲ್ಲಗಣ್ಣ ಈ ಸಡಿಲವನ್ನೆಲ್ಲ ಮೊದಲೇ ಹಗುರಾಗಿ ಒತ್ತಿಕೊಂಡು, ಆಮೇಲೆ ಬ್ರೇಕನ್ನು ಮಲಗಿದ ಮಗುವಿಗೆ ಹೊದಿಕೆ ಹೊದಿಸಿದಂತೆ ಹಾಕುತ್ತಿದ್ದ. ಗಾಡಿ ನಿಂತದ್ದು ಎಷ್ಟೋ ಸಲ ಗಾರ್ಡಿಗೆ ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಹೋಗಿ ಮೆಲ್ಲಗಣ್ಣ ಅನ್ನುವ ಹೆಸರು ಉಳಿದದ್ದು ಹೀಗೆ. ಇಷ್ಟು ವರ್ಷದ ನೌಕರಿಯಲ್ಲಿ ಅವನ ಗಾಡಿಯ ಒಂದೇ ಒಂದು ಚಕ್ರವೂ ಹಳಿ ಬಿಟ್ಟು ಕೆಳಗಿಳಿದಿರಲಿಲ್ಲ.

ಅವನ ಹೆಂಡತಿಯ ತಮ್ಮನೂ ಗೂಡ್ಸ್ ಡ್ರೈವರೇ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಧಡಾರಪ್ಪ ಎಂದು. ಅವನ ಗಾಡಿಯೂ ಯಾವತ್ತೂ ಹಳಿ ತಪ್ಪಿರಲಿಲ್ಲ, ಆದರೆ ಅದಕ್ಕೆ ಕಾರಣ ಅದೃಷ್ಟ ಎಂದು ಗಾರ್ಡುಗಳು ಹೇಳುತ್ತಿದ್ದರು. ಒಮ್ಮೆ ಅವನು ಹಾಕಿದ ಬ್ರೇಕಿಗೆ ಒಬ್ಬ ಗಾರ್ಡಿನ ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯಿಂದ ಹಾರಿ ಕಿಟಕಿಯಾಚೆ ಬಿದ್ದು, ಆ ಮನುಷ್ಯ ಮುಂದಿನ ಸ್ಟೇಷನ್ನಿನಲ್ಲಿ ದೂರು ಕೊಡಲು ಹೋಗಿ ಒಂದು ಅಕ್ಷರವೂ ಸರಿಯಾಗಿ ಹೊರಡದೆ ಸುಮ್ಮನೆ ವಾಪಸು ಬಂದಿದ್ದ.

ಹೀಗಿರುವಾಗ ಮೆಲ್ಲಗಣ್ಣನಿಗೆ ಒಂದು ದಿನ ಆಫೀಸಿನಿಂದ ಕರೆ ಬಂತು. ಹೋಗಿ ಬಂದವನು ಚಪ್ಪಲಿ ಬಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುಖ ಸಪ್ಪಗಿತ್ತು.

"ಏನಂತೆ?" ಎಂದಳು ಹೆಂಡತಿ, ಒಲೆಯ ಮೇಲಿನ ಪಾತ್ರೆಯಿಂದ ಕಣ್ಣು ತೆಗೆಯದೆ.

"ಗಾಡಿ ಬೀಳಿಸ್ಬೇಕಂತೆ."

"ಯಾರು?"

"ನಾನು."

"ಅಯ್ಯೋ, ನೀವೇನ್ರೀ ತಪ್ಪು ಮಾಡಿದ್ರಿ?"

"ಏನೂ ಮಾಡಿಲ್ಲ. ಅದಕ್ಕೇ ಅಂತೆ."

ಹೆಂಡತಿ ಈಗ ಸೌಟು ಕೆಳಗಿಟ್ಟಳು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಸೋದರಸೊಸೆ, ಅಂದರೆ ಮೆಲ್ಲಗಣ್ಣನ ತಂಗಿಯ ಮಗಳು, ಕಾಲಿಗೆ ಕಾಲು ತಗುಲಿಸಿಕೊಂಡು ಓಡಿಬಂದಳು. ಅವಳು ಎಂಜಿನಿಯರ್. ರೈಲ್ವೆಯ ಸಂಶೋಧನೆ ವಿಭಾಗದಲ್ಲಿ ಕೆಲಸ ಸಿಕ್ಕ ಮೇಲೆ ಮಾವನ ಮನೆಯಲ್ಲೇ ಇದ್ದಳು. ಉದ್ದ, ತೆಳ್ಳಗೆ, ಗಾಳಿ ಬೀಸಿದರೆ ಕಿಟಕಿ ಹಿಡಿದುಕೊಳ್ಳುವಂಥ ಹುಡುಗಿ. ತಿರುವಿನಲ್ಲಿ ಬ್ರೇಕ್ ಹಾಕಿದಾಗ ಗೂಡ್ಸ್ ಗಾಡಿಗಳು ಯಾಕೆ ಹಳಿ ತಪ್ಪುತ್ತವೆ, ಯಾವ ವ್ಯಾಗನ್, ಎಷ್ಟು ವೇಗದಲ್ಲಿ, ಯಾವ ಜಾಗದಲ್ಲಿ ತಪ್ಪುತ್ತದೆ ಎಂಬುದನ್ನು ಅವಳು ಎರಡು ವರ್ಷದಿಂದ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಲೆಕ್ಕವೇನೋ ಮುಗಿದಿತ್ತು. ಆದರೆ ದೊಡ್ಡ ಸಾಹೇಬರು, "ಕಂಪ್ಯೂಟರ್‌ನಲ್ಲಿ ಬಿದ್ರೆ ಆಗಲ್ಲಮ್ಮಾ, ನೆಲದ ಮೇಲೆ ಬೀಳ್ಬೇಕು" ಎಂದುಬಿಟ್ಟಿದ್ದರು. ಮುಚ್ಚಿಹೋದ ಕಲ್ಲುಗಣಿಗೆ ಹೋಗುವ ಹಳೆಯ ಹಳಿಯೊಂದನ್ನೂ ಗುಜರಿಗೆ ಹಾಕಬೇಕಿದ್ದ ಒಂದಷ್ಟು ವ್ಯಾಗನ್ನುಗಳನ್ನೂ ಪರೀಕ್ಷೆಗೆ ಬಿಟ್ಟುಕೊಟ್ಟಿದ್ದರು.

"ಮಾವ, ನಾನು ನಿಮ್ಮನ್ನೇ ಕೊಡಿ ಅಂತ ಕೇಳಿರ್ಲಿಲ್ಲ," ಎಂದಳು ಅವಳು. "ಅಪಾಯದ ಪರೀಕ್ಷೆಗೆ ಯಾವತ್ತೂ ಅಪಘಾತ ಮಾಡದೇ ಇರೋ ಡ್ರೈವರೇ ಆಗ್ಬೇಕಂತೆ. ಹುಡುಕಿದ್ರೆ ಪಟ್ಟೀಲಿ ಮೊದಲು ನಿಮ್ಮ ಹೆಸರೇ ಬಂತು."

"ಯಾವತ್ತೂ ಬೀಳಿಸದೇ ಇರೋನಿಗೆ ಬೀಳಿಸೋಕೆ ಏನು ಗೊತ್ತಿರುತ್ತೆ ಪುಟ್ಟಿ?"

"ತುಂಬಾ ಸುಲಭ ಮಾವ. ತೋರಿಸ್ತೀನಿ, ಬನ್ನಿ."

ಅವಳು ಎಲ್ಲರನ್ನೂ ಹಜಾರದಿಂದ ಅಡುಗೆಮನೆಗೆ ಹೋಗುವ ಕಿರಿದಾದ ಓಣಿಗೆ ಕರೆದುಕೊಂಡು ಹೋದಳು. ಓಣಿ ಬಚ್ಚಲಿನ ಹತ್ತಿರ ಎಡಕ್ಕೆ ತಿರುಗುತ್ತಿತ್ತು. ಊಟದ ಹೊತ್ತಿಗೆ ಸರಿಯಾಗಿ ಬಂದಿದ್ದ ಧಡಾರಪ್ಪನನ್ನೂ ಸೇರಿಸಿಕೊಂಡಳು. ಮುಂದೆ ಎಂಜಿನ್ ಆಗಿ ಮೆಲ್ಲಗಣ್ಣ, ಅವನ ಹೆಗಲ ಮೇಲೆ ಕೈಯಿಟ್ಟು ಧಡಾರಪ್ಪ, ಅವನ ಹಿಂದೆ ತಾನು, ತನ್ನ ಹಿಂದೆ ಅತ್ತೆ.

"ಚಿಕ್ಕಪ್ಪ ತುಂಬಿದ ವ್ಯಾಗನ್. ನಾನು ಖಾಲಿ ವ್ಯಾಗನ್. ಅತ್ತೆ ಮತ್ತೆ ತುಂಬಿದ..." ಎಂದವಳು ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

"ಹೇಳು ಹೇಳು, ಪೂರ್ತಿ ಹೇಳು," ಎಂದಳು ಅತ್ತೆ.

"ಅತ್ತೆ ಹಿಂದಿನ ವ್ಯಾಗನ್. ಈಗ ಎಲ್ಲರೂ ನಡೀರಿ. ತಿರುವಿನಲ್ಲಿ ಎಂಜಿನ್ ತಟ್ಟನೆ ನಿಲ್ಲುತ್ತೆ. ಹಿಂದಿನೋರು ನಿಲ್ಲಬೇಡಿ."

ನಡೆದರು. ತಿರುವಿನಲ್ಲಿ ಮೆಲ್ಲಗಣ್ಣ ನಿಂತ. ನಿಂತದ್ದು ಎಂಥ ಮೆತ್ತಗೆ ಎಂದರೆ ಹಿಂದಿನ ಮೂವರೂ ತಾವು ತಾವೇ ನಿಂತುಬಿಟ್ಟರು. ಏನೂ ಆಗಲಿಲ್ಲ.

"ಭಾವ, ಸರೀರಿ, ನಾನು ಎಂಜಿನ್ ಆಗ್ತೀನಿ," ಎಂದು ಧಡಾರಪ್ಪ ಮುಂದೆ ಬಂದ. ಮತ್ತೆ ನಡೆದರು. ತಿರುವಿನಲ್ಲಿ ಅವನು ಗೋಡೆಯ ಹಾಗೆ ನಿಂತ. ಮೆಲ್ಲಗಣ್ಣ ಅವನ ಬೆನ್ನಿಗೆ ಅಂಟಿಕೊಂಡ. ಹಿಂದಿನಿಂದ ಅತ್ತೆ ಬಂದಳು. ನಡುವೆ ಸಿಕ್ಕ ಹುಡುಗಿಗೆ ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಬರಲು ದಾರಿಯಿಲ್ಲ. ಅವಳು ಪಕ್ಕಕ್ಕೆ ಚಿಮ್ಮಿ, ತಿರುವಿನ ಹೊರಮಗ್ಗುಲಿಗಿದ್ದ ಬಚ್ಚಲ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗಿ, ನೀರು ತುಂಬಿದ ಬಕೆಟ್ಟಿನಲ್ಲಿ ಕೂತಳು.

"ಇದೇ!" ಎಂದು ಬಕೆಟ್ಟಿನಿಂದಲೇ ಕೂಗಿದಳು, ಕಣ್ಣು ಹೊಳೆಯುತ್ತಿತ್ತು. "ಹಳಿ ತಪ್ಪೋದು ಅಂದ್ರೆ ಇದೇ ಮಾವ! ಭಾರ ಇದ್ದಿದ್ರೆ ನೆಲ ಕಚ್ಚಿ ನಿಲ್ತಿದ್ದೆ. ಹಗುರ ಅಲ್ವಾ, ಹೊರಗೆ ತಳ್ಳಿಬಿಡ್ತು!"

ಅತ್ತೆ ಅವಳಿಗೆ ಟವಲ್ಲು ಕೊಟ್ಟಳು. ಮೆಲ್ಲಗಣ್ಣ ಮಾತ್ರ ಯೋಚನೆಗೆ ಬಿದ್ದ. ಹುಡುಗಿಯ ಎರಡು ವರ್ಷದ ದುಡಿಮೆ ತನ್ನ ಬಲಗೈ ಮೇಲೆ ನಿಂತಿದೆ. ಆ ಕೈಗೋ ಮೆತ್ತಗೆ ಹಿಡಿಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಅಂದಿನಿಂದ ಅವನು ಮನೆಯಲ್ಲಿ ಅಭ್ಯಾಸ ಶುರುಮಾಡಿದ. ಕಪಾಟಿನ ಬಾಗಿಲನ್ನು ಧಡ್ ಎಂದು ಹಾಕಬೇಕೆಂದು ಹೋಗುತ್ತಿದ್ದ. ಬಾಗಿಲು ಮುಚ್ಚುವ ಮುನ್ನ ಇನ್ನೊಂದು ಕೈ ತಾನಾಗಿ ಹೋಗಿ ಅದನ್ನು ತಡೆದುಕೊಳ್ಳುತ್ತಿತ್ತು. ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಎಸೆಯಬೇಕೆಂದು ಎತ್ತುತ್ತಿದ್ದ. ಕೊನೆಗೆ ಬಗ್ಗಿ ನೆಲದ ಮೇಲೆ ಇಟ್ಟು ಬರುತ್ತಿದ್ದ. ಹೆಂಡತಿ ಇದನ್ನೆಲ್ಲ ನೋಡಿ, "ಏನಾದ್ರೂ ಮುರೀಬೇಕು ಅಂತಿದ್ರೆ ನಿಮ್ಮ ಅಕ್ಕ ಕೊಟ್ಟ ಆ ಹೂದಾನಿ ಇದೆ," ಎಂದು ಸಹಾಯಕ್ಕೆ ಬಂದಳು. ಅದೂ ಮುರಿಯಲಿಲ್ಲ.

ಪರೀಕ್ಷೆಯ ದಿನ ಹಳೆಯ ಕಲ್ಲುಗಣಿಯ ಹತ್ತಿರ ಜಾತ್ರೆ ಸೇರಿದಷ್ಟು ಜನ. ದಿಬ್ಬದ ಮೇಲೆ ಶಾಮಿಯಾನ, ಅದರ ಕೆಳಗೆ ಮಡಚುವ ಕುರ್ಚಿಗಳು, ಮೊದಲ ಸಾಲಿನಲ್ಲಿ ದೊಡ್ಡ ಸಾಹೇಬರು. ಪಕ್ಕದಲ್ಲಿ ಕ್ಯಾಮೆರಾಗಳು, ಒಂದು ಬೆಂಕಿ ಆರಿಸುವ ಗಾಡಿ, ಒಂದು ಆಂಬುಲೆನ್ಸ್. ಸ್ವಲ್ಪ ದೂರದಲ್ಲಿ, ಬಿದ್ದ ವ್ಯಾಗನ್ ಎತ್ತಿ ಮತ್ತೆ ಹಳಿಯ ಮೇಲೆ ಕೂರಿಸಲು ದೊಡ್ಡ ಕ್ರೇನು, ಅದರ ಮೇಸ್ತ್ರಿ, ಅವನ ಆಳುಗಳು. ರಜೆ ಹಾಕಿ ಬಂದ ಧಡಾರಪ್ಪ ಜನರ ನಡುವೆ ಹಲ್ಲು ಕಿರಿದುಕೊಂಡು ಓಡಾಡುತ್ತಿದ್ದ. ಬಾವುಟ ಹಿಡಿದು ನಿಲ್ಲಲು ಗಾಡಿಯಲ್ಲಿ ಗಡ್ಡ ಮಾಡಿಕೊಳ್ಳುವ ಆ ಗಾರ್ಡನ್ನೇ ಕರೆಸಿದ್ದರು; ಡ್ರೈವರನ ಹೊರತು ಗಾಡಿಯೊಳಗೆ ಯಾರೂ ಇರಕೂಡದೆಂದು ಅವನನ್ನು ನೆಲದ ಮೇಲೆ ನಿಲ್ಲಿಸಿದ್ದರು.

ಗಾಡಿ ಜೋಡಿಸಿದ್ದು ಹುಡುಗಿ ಹೇಳಿದಂತೆ: ಎಂಜಿನ್ನಿನ ಹಿಂದೆ ಕಲ್ಲು ತುಂಬಿದ ಕೆಲವು ವ್ಯಾಗನ್, ನಡುವೆ ಒಂದೇ ಒಂದು ಖಾಲಿ ವ್ಯಾಗನ್, ಅದರ ಹಿಂದೆ ಮತ್ತೆ ಕಲ್ಲು ತುಂಬಿದವು, ಅವು ಸಾಕಷ್ಟು. ವ್ಯಾಗನ್ನುಗಳ ಬ್ರೇಕ್ ಕೆಲಸ ಮಾಡದಂತೆ ಮಾಡಿದ್ದರು. ನಿಲ್ಲಿಸಬೇಕಾದದ್ದು ಎಂಜಿನ್ನಿನ ಬ್ರೇಕ್ ಒಂದೇ. ಹಿಂದಿನ ಭಾರವೆಲ್ಲ ಬಂದು ಆ ಬಡಪಾಯಿ ಖಾಲಿ ವ್ಯಾಗನ್ನನ್ನು ಹಿಂಡಬೇಕು. ತಿರುವಿನಲ್ಲಿ ಅದರ ಚಕ್ರ ಎಲ್ಲಿ ಹಳಿ ಬಿಡುತ್ತದೆಂದು ಹುಡುಗಿ ಹಳಿಯಡಿಯ ಅಡ್ಡತೊಲೆಯೊಂದರ, ಅಂದರೆ ಸ್ಲೀಪರಿನ, ಮೇಲೆ ಸುಣ್ಣದಲ್ಲಿ ಗುಂಡಗೆ ಬರೆದಿಟ್ಟಿದ್ದಳು. ಅದರಿಂದ ಮುಂದೆ, ಎಂಜಿನ್ ಬ್ರೇಕ್ ಹಾಕಬೇಕಾದ ಜಾಗದಲ್ಲಿ ಕೆಂಪು ಕಂಬ ನೆಟ್ಟಿದ್ದಳು.

"ಮಾವ, ಕಂಬದವರೆಗೆ ಒಂದೇ ಸಮ ಎಳ್ಕೊಂಡು ಬನ್ನಿ," ಎಂದಳು ವಾಕಿಟಾಕಿಯಲ್ಲಿ. "ಕಂಬ ಬಂದ ತಕ್ಷಣ ಬ್ರೇಕ್ ಪೂರ್ತಿ. ಒಂದೇ ಏಟಿಗೆ. ನಿಮಗೇನೂ ಆಗಲ್ಲ, ಬೀಳೋದು ಎಲ್ಲೋ ಹಿಂದೆ."

"ಆಯ್ತು ಪುಟ್ಟಿ."

ಗಾಡಿ ಬಂತು. ಕಲ್ಲಿನ ಭಾರಕ್ಕೆ ನೆಲ ಗುಂಯ್ ಅನ್ನುತ್ತಿತ್ತು. ಜನ ಉಸಿರು ಬಿಗಿಹಿಡಿದರು. ಕೆಂಪು ಕಂಬ ಬಂತು. ಮೆಲ್ಲಗಣ್ಣ ಹಲ್ಲು ಕಚ್ಚಿ ಬ್ರೇಕಿನ ಹಿಡಿ ಎಳೆದ. ಗಾಡಿ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಖಾಲಿ ವ್ಯಾಗನ್ನಿನ ಮೇಲೆ ಕೂತಿದ್ದ ಕಾಗೆ ಹಾರಲೂ ಇಲ್ಲ.

ದೊಡ್ಡ ಸಾಹೇಬರು ಎದ್ದು ಚಪ್ಪಾಳೆ ತಟ್ಟಿದರು. "ಎಂಥಾ ಸೊಗಸಾದ ಬ್ರೇಕಿಂಗ್!" ಎಂದವರು, ಹುಡುಗಿಯ ಮುಖ ನೋಡಿ ಮೆಲ್ಲಗೆ ಕೂತುಕೊಂಡರು.

ಹುಡುಗಿ ಎಂಜಿನ್ನಿನ ಹತ್ತಿರ ಓಡಿಬಂದಳು. "ಮಾವ, ಏನ್ಮಾಡಿದ್ರಿ?"

"ನೀನು ಹೇಳ್ದಂಗೇ ಹಾಕ್ದೆನಲ್ಲಮ್ಮಾ. ಜೋರಾಗಿ ಹಾಕ್ದೆ!"

"ಕಂಬಕ್ಕಿಂತ ಮೊದಲೇ ಸ್ವಲ್ಪ ಸ್ವಲ್ಪ ಒತ್ಕೊಂಡು ಬಂದಿದ್ದೀರ. ಕಂಪ್ಯೂಟರ್‌ನಲ್ಲಿ ಎಲ್ಲಾ ಕಾಣ್ಸುತ್ತೆ. ಸಡಿಲ ಎಲ್ಲಾ ಮೊದಲೇ ಹೋಗಿದ್ರೆ ಗುದ್ದು ಎಲ್ಲಿಂದ ಬರ್ಬೇಕು?"

"ನಾನು ಒತ್ತಿಲ್ಲ ಪುಟ್ಟಿ."

"ಮತ್ಯಾರು ಒತ್ತಿದ್ದು?"

ಮೆಲ್ಲಗಣ್ಣ ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿದ. ನೆರೆಮನೆಯ ತುಂಟ ಹುಡುಗನನ್ನು ನೋಡುವ ಹಾಗೆ ನೋಡಿದ. "ಈ ಕೈಗೆ ಹೇಳಿದ್ದು ಕೇಳ್ಸಲ್ಲ," ಎಂದ.

ಎರಡನೆಯ ಸಲ ಗಾಡಿಯನ್ನು ಹಿಂದಕ್ಕೆ ಒಯ್ದು ಮತ್ತೆ ತಂದ. ಈ ಸಲ ಕಂಬದವರೆಗೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಂದ. ಕಂಬ ಬಂದಾಗ ಕೈ ಬಿಚ್ಚಿ, ಜೋರಾಗಿ ಕಿರುಚಿಕೊಂಡು ಹಿಡಿಯ ಮೇಲೆ ಬಿದ್ದ. ಕಿರುಚಾಟ ಭಾರಿಯಾಗಿಯೇ ಇತ್ತು. ಬ್ರೇಕ್ ಮಾತ್ರ ಹೊದಿಕೆ ಹೊದಿಸಿದಂತೆಯೇ. ವಾಕಿಟಾಕಿಯಲ್ಲಿ ಅವನ ಕೂಗು ಕೇಳಿ ಆಂಬುಲೆನ್ಸಿನವರು ಸ್ಟ್ರೆಚರ್ ಹಿಡಿದು ಓಡಿಬಂದರು. ಎಂಜಿನ್ನಿನಲ್ಲಿ ಮೆಲ್ಲಗಣ್ಣ ತಲೆತಗ್ಗಿಸಿ ಕೂತಿದ್ದ. ಕಾಗೆ ಈಗ ರೆಕ್ಕೆ ಕೆದರಿ ಮೈ ಕೆರೆದುಕೊಳ್ಳುತ್ತಿತ್ತು.

ಕ್ರೇನ್ ಮೇಸ್ತ್ರಿಗೆ ತಾಳ್ಮೆ ಕೆಟ್ಟಿತು. "ಸ್ವಾಮಿ, ಬೇಗ ಬೀಳ್ಸಿ. ಬೆಳಗ್ಗೆಯಿಂದ ಕೈ ಕಟ್ಕೊಂಡು ಕೂತಿದೀವಿ. ಎದ್ದಿರೋದನ್ನ ಎತ್ತೋಕಾಗುತ್ತಾ ನಾವು?"

ಊಟದ ಡಬ್ಬಿ ಹಿಡಿದು ಮೆಲ್ಲಗಣ್ಣನ ಹೆಂಡತಿ ಬರುವಾಗ ದಿಬ್ಬದ ಮೇಲೆ ಎಲ್ಲರ ಮುಖವೂ ಸೋತಿತ್ತು. ಸಾಹೇಬರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಹುಡುಗಿ ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಆಗ ಧಡಾರಪ್ಪ ಎದೆಯುಬ್ಬಿಸಿ ಮುಂದೆ ಬಂದ.

"ಸಾರ್, ಒಂದು ಅವಕಾಶ ಕೊಡಿ. ಈ ಕೆಲಸಕ್ಕೇ ಹುಟ್ಟಿದ ಕೈ ಇದು. ಹಳಿ ತಪ್ಪಿಸಿಲ್ಲ ನಿಜ, ಆದ್ರೆ ತುಂಬಾ ಹತ್ತಿರ ಹೋಗಿ ಬಂದಿದ್ದೀನಿ."

ಗಾರ್ಡೂ ಸಾಕ್ಷಿ ಹೇಳಿದ: "ಹೌದು ಸಾರ್. ಇವನು ಬ್ರೇಕ್ ಹಾಕಿದ್ರೆ ನಮ್ಮ ಜೀವ ಒಂದು ಸ್ಟೇಷನ್ ಮುಂದೆ ಹೋಗಿ ಕಾಯ್ತಿರುತ್ತೆ."

ಸಾಹೇಬರು ಒಪ್ಪಿದರು. ಮೆಲ್ಲಗಣ್ಣ ಎಂಜಿನ್ ಇಳಿದು, ಹೆಂಡತಿಯ ಪಕ್ಕ ಬಂದು ನಿಂತ. ಧಡಾರಪ್ಪ ಏಣಿ ಹತ್ತುವ ಮುಂಚೆ ಒಮ್ಮೆ ತಿರುಗಿ ನೋಡಿದ. ದಿಬ್ಬದ ತುಂಬ ಜನ. ಮೊದಲ ಸಾಲಿನಲ್ಲಿ ದೊಡ್ಡ ಸಾಹೇಬರು. ಐದಾರು ಕ್ಯಾಮೆರಾ, ಎಲ್ಲವೂ ತನ್ನ ಕಡೆಗೇ. ಇಷ್ಟು ವರ್ಷದಲ್ಲಿ ಅವನು ಗಾಡಿ ಓಡಿಸುವುದನ್ನು ಯಾರೂ ಕೂತು ನೋಡಿದ್ದಿಲ್ಲ. ಅವನು ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಹುಡುಗಿಗೆ ಆಗಲೇ ಅನುಮಾನ ಬರಬೇಕಿತ್ತು.

ಗಾಡಿ ಬಂತು. ಬಂದ ಸೊಗಸು ಏನು ಹೇಳುವುದು! ಮದುವೆಮನೆಯೊಳಗೆ ದೊಡ್ಡವರು ಹೆಜ್ಜೆಯಿಡುವ ಹಾಗೆ ಗಂಭೀರವಾಗಿ ಬಂದು, ಕೆಂಪು ಕಂಬದ ಹತ್ತಿರ ಯಾರಿಗೂ ಗೊತ್ತಾಗದಂತೆ ಸಾವಕಾಶವಾಗಿ, ಎಂಜಿನ್ನಿನ ಬಾಗಿಲು ಸರಿಯಾಗಿ ಸಾಹೇಬರ ಕುರ್ಚಿಯ ಎದುರಿಗೆ ಬರುವಂತೆ ನಿಂತಿತು. ಸದ್ದೇ ಇಲ್ಲ. ಕಾಗೆ ಕಣ್ಣು ಮುಚ್ಚಿತ್ತು.

ಧಡಾರಪ್ಪ ಬಾಗಿಲಿಂದ ತಲೆ ಹಾಕಿ ಕೇಳಿದ: "ಹೇಗಿತ್ತು ಸಾರ್?"

"ಚಿಕ್ಕಪ್ಪಾ!" ಎಂದು ಹುಡುಗಿ ಅಳುವ ದನಿಯಲ್ಲಿ ಕೂಗಿದಳು. "ಇಷ್ಟು ವರ್ಷ ಇಲ್ಲದ ಮೆತ್ತಗಿನ ಕೈ ಇವತ್ತೇ ಬರ್ಬೇಕಿತ್ತಾ?"

"ಏನ್ಮಾಡ್ಲಿ ಪುಟ್ಟಿ? ಅಷ್ಟು ಜನ ನೋಡ್ತಿದ್ರಲ್ಲ. ಕೆಟ್ಟದಾಗಿ ನಿಲ್ಲಿಸೋಕೆ ನಾಚ್ಕೆ ಆಯ್ತು."

ಮೆಲ್ಲಗಣ್ಣನಿಗೆ ನಗು ಬರಬೇಕಿತ್ತು. ಬರುವುದರಲ್ಲೂ ಇತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಹೆಂಡತಿ, ಡಬ್ಬಿಯ ಮುಚ್ಚಳ ಬಿಚ್ಚುತ್ತಾ, ತನಗೆ ತಾನೇ ಹೇಳಿಕೊಳ್ಳುವಂತೆ ಎಂದಳು:

"ನಮ್ಮ ತಮ್ಮ ಎಷ್ಟು ಚೆನ್ನಾಗಿ ನಿಲ್ಲಿಸ್ದ, ಅಲ್ವಾ ರೀ? ನಿಮಗಿಂತ ಮೆಲ್ಲಗೆ."

ಮೆಲ್ಲಗಣ್ಣ ತಿರುಗಿದ. "ನನಗಿಂತ?"

"ಇದ್ದದ್ದು ಇದ್ದ ಹಾಗೆ ಹೇಳ್ಬೇಕಲ್ಲ."

"ನನಗಿಂತ ಮೆಲ್ಲಗೆ? ಅವನು?"

"ನಾನೊಬ್ಳೇ ಅಲ್ಲ, ಯಾರನ್ನ ಬೇಕಾದ್ರೂ ಕೇಳಿ."

ಯಾರನ್ನೂ ಕೇಳಬೇಕಾಗಲಿಲ್ಲ. ಗಾರ್ಡ್ ತಾನಾಗಿ ಹತ್ತಿರ ಬಂದು, ಗದ್ದ ನೀವಿಕೊಳ್ಳುತ್ತಾ, ಇನ್ನೂ ಬೆರಗು ಇಳಿಯದ ದನಿಯಲ್ಲಿ ಹೇಳಿದ: "ಅಣ್ಣಾ, ನಂಬೋಕೇ ಆಗಲ್ಲ. ಹೀಗೆ ಓಡ್ಸೋದಾದ್ರೆ ಇವನ ಗಾಡೀಲೂ ಗಡ್ಡ ಮಾಡ್ಕೋಬಹುದು."

ಮೆಲ್ಲಗಣ್ಣನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕುತ್ತಿಗೆ, ಆಮೇಲೆ ಬೋಳುತಲೆ. ಅವನು ಡಬ್ಬಿಯತ್ತ ನೋಡಲಿಲ್ಲ, ಹೆಂಡತಿಯತ್ತ ನೋಡಲಿಲ್ಲ. ದಾಪುಗಾಲು ಹಾಕಿ ಎಂಜಿನ್ನಿನ ಹತ್ತಿರ ಹೋಗಿ, "ಇಳಿಯೋ ಕೆಳಗೆ," ಎಂದ. ಜನ್ಮದಲ್ಲಿ ಭಾವನ ಬಾಯಲ್ಲಿ ಅಂಥ ಮಾತು ಕೇಳದ ಧಡಾರಪ್ಪ ಏಣಿಯ ಎರಡು ಮೆಟ್ಟಿಲು ಬಿಟ್ಟೇ ಇಳಿದ.

ಗಾಡಿ ಹಿಂದಕ್ಕೆ ಹೋಯಿತು. ಮತ್ತೆ ಹೊರಟಿತು. ಒಳಗೆ ಮೆಲ್ಲಗಣ್ಣನಿಗೆ ಪರೀಕ್ಷೆ ಮರೆತುಹೋಗಿತ್ತು, ವ್ಯಾಗನ್ ಮರೆತುಹೋಗಿತ್ತು, ಸಾಹೇಬರಂತೂ ಲೆಕ್ಕಕ್ಕೇ ಇರಲಿಲ್ಲ. ತಲೆಯಲ್ಲಿ ಒಂದೇ ಮಾತು: ನನಗಿಂತ ಮೆಲ್ಲಗಂತೆ. ಹಲ್ಲು ಹಾರಿಸಿದವನು. ಬಾಚಣಿಗೆ ಇಟ್ಟುಕೊಂಡು ಓಡಾಡುವವನು. ಅವನು ನನಗಿಂತ ಮೆಲ್ಲಗಂತೆ. ತಿರುವು ಬಂತು. ನನಗಿಂತ! ಕೆಂಪು ಕಂಬ ಕಂಡಿತು. ಗಡ್ಡ ಬೇರೆ ಮಾಡ್ಕೋತಾನಂತೆ! ಮೆಲ್ಲಗಣ್ಣ ಬ್ರೇಕಿನ ಹಿಡಿಯನ್ನು, ಅದು ಭಾಮೈದನ ಜುಟ್ಟೇ ಎಂಬಂತೆ, ಒಂದೇ ಏಟಿಗೆ ಕೊನೆ ಮುಟ್ಟಿಸಿದ.

ಎಂಜಿನ್ ಕಿರೋ ಎಂದು ಚೀರಿತು. ಹಿಂದೆ ಮೊದಲ ವ್ಯಾಗನ್ ಧಡ್ ಎಂದಿತು, ಆಮೇಲೆ ಮುಂದಿನದು, ಮುಂದಿನದು, ಬೆಟ್ಟದ ಮೇಲಿಂದ ಹಂಡೆಗಳ ಸಾಲು ಉರುಳಿದಂತೆ ಧಡ್ ಧಡ್ ಧಡ್ ಎಂದು ಗುದ್ದು ಹಿಂದೆ ಹಿಂದೆ ಹೋಯಿತು. ಬಾಲದ ಕಡೆಯ ಕಲ್ಲಿನ ಭಾರವೆಲ್ಲ ಮುಂದೆ ಮುಂದೆ ಬಂತು. ನಡುವೆ ಸಿಕ್ಕ ಖಾಲಿ ವ್ಯಾಗನ್ ನರಳಿತು. ಕಾಗೆ ಕೊನೆಗೂ ಹಾರಿತು. ವ್ಯಾಗನ್ನಿನ ಹೊರಗಡೆಯ ಚಕ್ರ, ತಿರುವಿನ ಹೊರ ಹಳಿಗೆ ತನ್ನ ಅಂಚನ್ನು ಒತ್ತಿ ಒತ್ತಿ, ಮೆಲ್ಲಗೆ ಮೇಲೇರಿತು. ಹಳಿಯ ನೆತ್ತಿಯ ಮೇಲೆ, ಇಳಿಯಲೋ ಬೇಡವೋ ಎಂದು ಯೋಚಿಸುವ ಹಾಗೆ ಸ್ವಲ್ಪ ದೂರ ಉರುಳಿತು. ಆಮೇಲೆ ಆಚೆಗೆ ದೊಪ್ಪೆಂದು ಬಿತ್ತು. ಸ್ಲೀಪರುಗಳು ಸಿಡಿದವು, ಜಲ್ಲಿಕಲ್ಲು ಹಾರಿತು, ಧೂಳು ಎದ್ದು ಶಾಮಿಯಾನವನ್ನು ನುಂಗಿತು. ಗಾಡಿ ನಿಂತಿತು.

ಧೂಳಿನೊಳಗಿಂದ ಮೊದಲು ಕೇಳಿದ್ದು ಕ್ರೇನ್ ಮೇಸ್ತ್ರಿಯ ಸಿಳ್ಳೆ. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ದೊಡ್ಡ ಸಾಹೇಬರು ಕುರ್ಚಿ ಸಮೇತ ಹಿಂದಕ್ಕೆ ಬಿದ್ದಿದ್ದರು, ಬಿದ್ದಲ್ಲಿಂದಲೇ, "ಬಿತ್ತಾ? ಯಾವುದು ಬಿತ್ತು?" ಎಂದು ಕೇಳುತ್ತಿದ್ದರು. ಹುಡುಗಿ ಸುಣ್ಣದ ಗುರುತಿನ ಹತ್ತಿರ ಓಡಿ ಮೊಣಕಾಲೂರಿ ಕೂತಳು. ಚಕ್ರ ಬಿದ್ದ ಜಾಗಕ್ಕೂ ಅವಳು ಬರೆದ ಗುಂಡಗಿನ ಗೆರೆಗೂ ಒಂದು ಗೇಣು ಅಂತರ. ಎರಡು ವರ್ಷದ ಲೆಕ್ಕ ತಪ್ಪಿದ್ದು ಒಂದು ಗೇಣು! ಅವಳು ಅಲ್ಲೇ ಕೂತು ನಗುತ್ತಾ ಅಳುತ್ತಾ ಮೂಗು ಒರೆಸಿಕೊಂಡಳು.

ಮೆಲ್ಲಗಣ್ಣ ಇಳಿದು ಬಂದ. ಸಿಟ್ಟೆಲ್ಲ ಎಲ್ಲಿಗೋ ಹೋಗಿತ್ತು. ಒಂದು ಕಡೆಗೆ ವಾಲಿ ನಿಂತ ವ್ಯಾಗನ್ನನ್ನು ನೋಡಿದ. ಹತ್ತಿರ ಹೋಗಿ ಅದರ ತುಕ್ಕು ಹಿಡಿದ ಪಕ್ಕೆಯ ಮೇಲೆ ಕೈಯಿಟ್ಟು, "ತಪ್ಪಾಯ್ತು ಕಣಮ್ಮಾ," ಎಂದ.

"ಮಾವಾ!" ಹುಡುಗಿ ಹಿಂದಿನಿಂದ ಬಂದು ತಬ್ಬಿಕೊಂಡಳು. "ಎಷ್ಟು ಚೆನ್ನಾಗಿ ಬಿತ್ತು ಮಾವ! ಎಷ್ಟು ಅಚ್ಚುಕಟ್ಟಾಗಿ ಬಿತ್ತು! ಇದಕ್ಕಿಂತ ಒಳ್ಳೇದಾಗಿ ಯಾರೂ ಬೀಳ್ಸೋಕಾಗಲ್ಲ!"

"ನಿಜವಾಗ್ಲೂ?" ಎಂದ ಮೆಲ್ಲಗಣ್ಣ. "ನಿಮ್ಮ ಚಿಕ್ಕಪ್ಪನಿಗೂ ಆಗಲ್ವಾ?"

"ಚಿಕ್ಕಪ್ಪನಿಗಂತೂ ಇಲ್ಲವೇ ಇಲ್ಲ."

ಅವನಿಗೆ ಅಷ್ಟು ಸಾಕಾಗಿತ್ತು.

ಆದರೆ ಪರೀಕ್ಷೆ ಅರ್ಧ ಮಾತ್ರ ಮುಗಿದಿತ್ತು. ಬೀಳುವುದು ಗೊತ್ತಾಯಿತು, ಬೀಳದಂತೆ ಮಾಡುವುದು ಹೇಗೆಂದು ತೋರಿಸಬೇಕಿತ್ತು. ಕ್ರೇನಿನವರು ಕುಣಿದಾಡಿಕೊಂಡು ವ್ಯಾಗನ್ ಎತ್ತಿದರು, ಹಳಿ ರಿಪೇರಿಯಾಯಿತು. ಮರುದಿನ ಹುಡುಗಿ ಆ ಖಾಲಿ ವ್ಯಾಗನ್ನನ್ನು ನಡುವಿನಿಂದ ಬಿಡಿಸಿ ಎಲ್ಲಕ್ಕಿಂತ ಕೊನೆಗೆ ಕಟ್ಟಿಸಿದಳು. ಹಿಂದೆ ತಳ್ಳುವವರೇ ಇಲ್ಲದ ಮೇಲೆ ಅದನ್ನು ಯಾರು ಹಿಂಡುತ್ತಾರೆ? ಅದೇ ವೇಗ, ಅದೇ ತಿರುವು, ಅದೇ ಕಂಬ, ಅದೇ ಬ್ರೇಕ್. ಈ ಸಲ ಬೀಳಬಾರದು.

ಮೆಲ್ಲಗಣ್ಣ ಹಿಡಿಯನ್ನು ಹಿಂದಿನ ದಿನದಂತೆಯೇ ಒಂದೇ ಏಟಿಗೆ ಎಳೆದ. ಎಂಜಿನ್ ಚೀರಿತು, ವ್ಯಾಗನ್ನುಗಳು ಗುದ್ದಾಡಿದವು, ಹಳಿ ಗಡಗಡ ನಡುಗಿತು. ಒಂದು ಚಕ್ರವೂ ಮೇಲೇಳಲಿಲ್ಲ. ಸಾಹೇಬರು ಈ ಸಲ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಖಾತ್ರಿಗೆ ಇನ್ನೊಂದ್ಸಲ," ಎಂದರು. ಇನ್ನೊಂದು ಸಲ ಹಾಕಿದ. ಮತ್ತೊಂದು ಸಲ ಹಾಕಿದ. ಜೀವಮಾನವೆಲ್ಲ ತಡೆದಿಟ್ಟ ಧಡಾರ್ ಎಲ್ಲ ಹೊರಗೆ ಬರುತ್ತಿತ್ತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಗುತ್ತಿದ್ದ. ಬೋಳುತಲೆ ಬಿಸಿಲಿಗೆ ಮಿಂಚುತ್ತಿತ್ತು.

"ಸಾಕು ಮಾವ, ಲೆಕ್ಕ ಎಲ್ಲಾ ಸಿಕ್ತು," ಎಂದಳು ಹುಡುಗಿ ವಾಕಿಟಾಕಿಯಲ್ಲಿ.

"ಇನ್ನೊಂದೇ ಒಂದ್ಸಲ ಪುಟ್ಟಿ."

"ಅದನ್ನೇ ಆಗ್ಲಿಂದ ಹೇಳ್ತಿದೀರ."

"ಇದು ಕೊನೇದು. ನಿಮ್ಮತ್ತೆ ಮೇಲಾಣೆ."

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಅವನು ಹೆಂಡತಿಯನ್ನು ಕೇಳಿಯೇಬಿಟ್ಟ. "ನಿಜ ಹೇಳು. ನಿನ್ನ ತಮ್ಮ ನಿಜವಾಗ್ಲೂ ನನಗಿಂತ ಮೆಲ್ಲಗೆ ನಿಲ್ಲಿಸಿದ್ನಾ? ಅಥವಾ ನೀನು ಬೇಕಂತಲೇ ಹಾಗಂದ್ಯಾ?"

ಹೆಂಡತಿ ಬಡಿಸುವ ಕೈ ನಿಲ್ಲಿಸಲಿಲ್ಲ. "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದಳು.

ಎಷ್ಟು ಸಲ ಕೇಳಿದರೂ ಅವಳಿಂದ ಬಂದ ಉತ್ತರ ಅಷ್ಟೇ. ಧಡಾರಪ್ಪ ಮಾತ್ರ ಅಕ್ಕ ಆಡಿದ ಮಾತನ್ನು ಊರೆಲ್ಲ ಹಂಚಿದ. ಆದರೆ ಯಾರೂ ಇಲ್ಲದ ದಾರಿಯಲ್ಲಿ ಅವನ ಕೈ ಹಳೆಯ ಚಾಳಿಗೇ ಇಳಿಯಿತು. ದೂರುಗಳೂ ಮೊದಲಿನಂತೆ ಬಂದವು.

ಕೆಲವು ತಿಂಗಳಿಗೆ ಹೊಸ ನಿಯಮ ಬಂತು: ಗೂಡ್ಸ್ ಗಾಡಿ ಜೋಡಿಸುವಾಗ ಖಾಲಿ ವ್ಯಾಗನ್ನುಗಳನ್ನು ತುಂಬಿದವುಗಳ ನಡುವೆ ಸಿಕ್ಕಿಸಕೂಡದು, ಎಲ್ಲವನ್ನೂ ಹಿಂದಕ್ಕೆ ಕಟ್ಟಬೇಕು. ಹುಡುಗಿಗೆ ದೊಡ್ಡ ಹುದ್ದೆ ಸಿಕ್ಕಿತು. ವ್ಯಾಗನ್ ಜೋಡಿಸುವ ಯಾರ್ಡಿನವರಿಗೆ ಮೈಮುರಿಯುವ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ಮೆಲ್ಲಗಣ್ಣ ತನ್ನ ಎಂಜಿನ್ನಿನ ಕಡೆಗೆ ನಡೆದು ಹೋಗುತ್ತಿದ್ದಾಗ, ಇಬ್ಬರು ಕೆಲಸಗಾರರು ಕೊಂಡಿಗಳ ನಡುವೆ ಬೆವರು ಸುರಿಸುತ್ತಾ ಬೈದುಕೊಳ್ಳುತ್ತಿರುವುದು ಕೇಳಿಸಿತು.

"ಯಾವನೋ ಒಬ್ಬ ಎಲ್ಲೋ ತಿರುವಲ್ಲಿ ಗಾಡಿ ಬೀಳ್ಸಿದ್ನಂತೆ. ನೆಟ್ಟಗೆ ಬ್ರೇಕ್ ಹಾಕೋಕೆ ಬರ್ದೇ ಇರೋನು. ಅವನಿಂದಾಗಿ ನಾವು ದಿನಾ ಖಾಲಿ ವ್ಯಾಗನ್ ಬಿಡ್ಸಿ ಬಿಡ್ಸಿ ಹಿಂದಕ್ಕೆ ಕಟ್ಬೇಕು."

"ಅವನ ಕೈಗೆ ಹುಳ ಬೀಳಾ."

ಮೊದಲಿನ ಮೆಲ್ಲಗಣ್ಣನಾಗಿದ್ದರೆ ತಲೆ ತಗ್ಗಿಸಿ ಸರಸರ ದಾಟಿಹೋಗುತ್ತಿದ್ದ. ಈಗ ನಿಂತ. ಚೀಲವನ್ನು ಜಲ್ಲಿಕಲ್ಲಿನ ಮೇಲೆ ಇಟ್ಟ.

"ಅವನು ನಾನೇ," ಎಂದ.

ಇಬ್ಬರೂ ಕೆಲಸ ಬಿಟ್ಟು ನೋಡಿದರು. ಮೆಲ್ಲಗಣ್ಣನ ಗುರುತು ಯಾರಿಗಿಲ್ಲ? "ಏನಣ್ಣಾ ತಮಾಷೆ," ಎಂದ ಒಬ್ಬ. "ನೀವು ಗಾಡಿ ಬೀಳಿಸ್ತೀರಾ?"

"ಬೀಳಿಸ್ದೆ. ನೀವೇನೋ ಬೀಳ್ಸೋದು ಸುಲಭ ಅಂದ್ಕೊಂಡಿದ್ದೀರ. ಸಾಮಾನ್ಯದವರ ಕೈಲಿ ಆಗೋ ಕೆಲಸ ಅಲ್ಲ ಅದು. ನಮ್ಮ ಭಾಮೈದ ಪ್ರಯತ್ನ ಪಟ್ಟ, ಅವನ ಕೈಲಿ ಆಗ್ಲಿಲ್ಲ ಗೊತ್ತಾ?" ಎನ್ನುತ್ತಾ ಅವನು ಸ್ಲೀಪರುಗಳ ರಾಶಿಯ ಮೇಲೆ ಅನುಕೂಲವಾಗಿ ಕೂತ. "ಕೇಳಿ. ಮೊದಲು ತಿರುವು ಹೇಗಿತ್ತು ಅಂತ ಹೇಳ್ತೀನಿ."

ಯಾರ್ಡಿನ ಕೊನೆಯಲ್ಲಿ ಅವನ ಗಾಡಿಗೆ ಹಸಿರು ದೀಪ ಬಿತ್ತು. ಗಾರ್ಡ್ ಬಾವುಟ ಬೀಸಿದ, ಸೀಟಿ ಊದಿದ, ಮತ್ತೆ ಬಾವುಟ ಬೀಸಿದ. ಸ್ಟೇಷನ್ ಮಾಸ್ಟರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಏನೋ ಕೂಗುತ್ತಿದ್ದ. ಮೆಲ್ಲಗಣ್ಣ ಇನ್ನೂ ಎರಡನೆಯ ಪ್ರಯತ್ನದಲ್ಲಿದ್ದ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತೋರಿಸುತ್ತಿದ್ದ. ಕೆಲಸಗಾರರಿಬ್ಬರೂ ಬಾಯಿ ತೆರೆದು ಕೇಳುತ್ತಿದ್ದರು.